ಕ್ರಿಸ್ಮಸ್ ಅಕ್ಕಿ ಹಂಚಿಕೆಯನ್ನು ವರ್ಷವಿಡೀ ನಡೆಯುವ ಸೇವೆ ಮಾಡುವುದು ಹೇಗೆ? (ಸಣ್ಣ ಧರ್ಮಕೇಂದ್ರ, ಹೊನ್ನಾವರ ಕಡೆ)

ಶರಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಹೊನ್ನಾವರ ತಾಲೂಕಿನ ಸಣ್ಣ ಕಥೋಲಿಕ ಧರ್ಮಕೇಂದ್ರವೊಂದರ (ಪ್ಯಾರಿಷ್) ಪಾಲನಾ ಸಮಿತಿಯ ಪರವಾಗಿ ಕೇಳುತ್ತಿದ್ದೇನೆ. ಕುಟುಂಬಗಳು 140, ವಾರ್ಡು 6. ಅರ್ಧದಷ್ಟು ಮನೆಗಳಿಂದ ಯಾರಾದರೊಬ್ಬರು ಗಲ್ಫ್‌ನಲ್ಲೋ ಗೋವಾದಲ್ಲೋ ದುಡಿಯುತ್ತಾರೆ. ಉಳಿದವರದು ಮೀನುಗಾರಿಕೆ, ಕೂಲಿ, ಮನೆಗೆಲಸ.

ಈಗ ಸಮಾಜಸೇವೆ ಎಂದು ನಡೆಯುವುದು ಒಂದೇ: ಕ್ರಿಸ್ಮಸ್ ಮುಂಚಿನ ಭಾನುವಾರ 30 ಮನೆಗಳಿಗೆ ತಲಾ 10 ಕಿಲೋ ಅಕ್ಕಿ. ಪೂಜೆ ಮುಗಿದ ಮೇಲೆ ಇಗರ್ಜಿ (ಚರ್ಚ್) ಅಂಗಳದಲ್ಲಿ ಸಾಲು ನಿಲ್ಲಿಸಿ ಕೊಡುತ್ತೇವೆ, ಫೋಟೋ ತೆಗೆಯುತ್ತೇವೆ. ಆದರೆ ಡಿಸೆಂಬರ್‌ನಲ್ಲಿ ಹೇಗೋ ಕೆಲಸ ಸಿಗುತ್ತದೆ. ಒಲೆ ತಣ್ಣಗಾಗುವುದು ಜೂನ್, ಜುಲೈಯಲ್ಲಿ. ಆಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ವರ್ಷವಿಡೀ ನಡೆಯುವ ತಂಡ ಕಟ್ಟಿ ಎಂದು ಫಾದರ್ ಹೇಳಿದ್ದಾರೆ. ತಂಡದಲ್ಲಿ ಯಾರಿರಬೇಕು, ಮನೆಗಳನ್ನು ಅವರಿಗೆ ನೋವಾಗದಂತೆ ಗುರುತಿಸುವುದು ಹೇಗೆ, ದವಸ ಮತ್ತು ದುಡ್ಡು ಎಲ್ಲಿಂದ, ಲೆಕ್ಕ ಹೇಗೆ? ಬೇರೆ ಧರ್ಮದವರು ಕೇಳಿ ಬಂದರೆ ಏನು? ಪಿಂಚಣಿ, ಜಾತಿ ಪ್ರಮಾಣಪತ್ರ, ಅರಣ್ಯ ಅತಿಕ್ರಮಣದ ಅರ್ಜಿ, ಇಂಥವಕ್ಕೆ ಇಗರ್ಜಿ ಕೈ ಹಾಕಬಹುದೇ? ನಡೆಸಿ ಗೊತ್ತಿರುವವರು ದಯವಿಟ್ಟು ಬಿಡಿಸಿ ಬರೆಯಿರಿ.

ಕಾಳಿ ಸಂಗಮ (ಕಾರವಾರ)

ಒಳ್ಳೆಯ ಕೆಲಸಕ್ಕೆ ಇಳಿದಿದ್ದೀರಿ. ತಂಡದಿಂದ ಶುರು ಮಾಡೋಣ.

ವಾರ್ಡಿಗೆ ಇಬ್ಬರಂತೆ 12 ಜನ ಸಾಕು. ಅರ್ಧಕ್ಕಿಂತ ಹೆಚ್ಚು ಹೆಂಗಸರಿರಲಿ. ವಾರ್ಡಿನ ಮುಖಂಡರಾದ ಗುರಿಕಾರರನ್ನೇ ಎತ್ತಿ ಇಲ್ಲೂ ಕೂರಿಸಬೇಡಿ. ಹಬ್ಬದ ವಂತಿಗೆ ವಸೂಲಿ ಮಾಡುವವರು ಅವರೇ. ವಂತಿಗೆ ಬಾಕಿ ಇಟ್ಟ ಮನೆಯವರು ಅವರೆದುರು ಬಾಯಿ ಬಿಡುವುದಿಲ್ಲ, ಮತ್ತು ಬಾಕಿ ಇರುವ ಮನೆಯೇ ನಿಮಗೆ ಬೇಕಾದ ಮನೆ. ಇನ್ನೊಂದು: ಈವರೆಗೆ ಅಕ್ಕಿ ತೆಗೆದುಕೊಳ್ಳುತ್ತಿದ್ದ ಮನೆಗಳಿಂದಲೇ ಇಬ್ಬರನ್ನು ತಂಡಕ್ಕೆ ಕರೆಯಿರಿ. ಯಾವ ಮನೆಯಲ್ಲಿ ಕರೆಂಟ್ ಬಿಲ್ ಕಟ್ಟಿಲ್ಲ, ಯಾರು ಮಾತ್ರೆ ಅರ್ಧರ್ಧ ಮಾಡಿ ನುಂಗುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮಾದರಿ ಬೇಕಿದ್ದರೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಕ್ರಮ ನೋಡಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಜಾನಂ ಮತ್ತು ಅವರ ಗೆಳೆಯರು ಶುರು ಮಾಡಿದ ಸಭೆ ಅದು. ಆಗ ಓಜಾನಂಗೆ 20 ವರ್ಷ. ಬಡವರ ಮನೆಗಳ ದಾರಿ ತೋರಿಸಿದವರು ಸಿಸ್ಟರ್ ರೊಸಾಲಿ ರೆಂದ್ಯು. ಆ ಸಭೆಯ ಮೂರು ರೂಢಿಗಳನ್ನು ಹಾಗೇ ತೆಗೆದುಕೊಳ್ಳಬಹುದು. ನಿಗದಿತ ದಿನ ತಪ್ಪದೆ ಕೂಡುವುದು. ಮನೆ ಭೇಟಿಗೆ ಯಾವಾಗಲೂ ಇಬ್ಬರೇ ಹೋಗುವುದು. ಕೂಟದ ಕೊನೆಗೆ ಗುಪ್ತ ಚೀಲ ಸುತ್ತಿಸುವುದು. ಚೀಲದೊಳಗೆ ಎಲ್ಲರೂ ಮುಷ್ಟಿ ಕಟ್ಟಿದ ಕೈ ಹಾಕುತ್ತಾರೆ. ಒಬ್ಬರು 500 ಬಿಟ್ಟಿರಬಹುದು, ಇನ್ನೊಬ್ಬರ ಕೈ ಖಾಲಿ ಇರಬಹುದು, ಯಾರಿಗೂ ತಿಳಿಯುವುದಿಲ್ಲ. ಬಡವರೂ ತಂಡದಲ್ಲಿ ಸಮನಾಗಿ ಕೂರಬೇಕಾದರೆ ಈ ಚೀಲ ಬೇಕೇ ಬೇಕು.

ಇನ್ನು ಭೇಟಿ. ಸಂಜೆ 5ರ ಮೇಲೆ, ಕೂಲಿಯಿಂದ ಬಂದು ಕೈಕಾಲು ತೊಳೆದ ಹೊತ್ತಿಗೆ ಹೋಗಿ. ಹೆಂಗಸರಷ್ಟೇ ಇರುವ ಮನೆಗೆ ಹೋಗುವಾಗ ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಮೊದಲ ಭೇಟಿಯಲ್ಲಿ ವಹಿ, ಪೆನ್ನು, ಅಕ್ಕಿ ಯಾವುದೂ ಬೇಡ. ಜಗುಲಿಯಲ್ಲಿ ಕುಳಿತು ಮಾತಾಡಿ, ಅವರು ಬಯಸಿದರೆ ಒಂದು ಪ್ರಾರ್ಥನೆ ಹೇಳಿ, ಎದ್ದು ಬನ್ನಿ. ಎರಡನೆಯ ಭೇಟಿಯಲ್ಲಿ ಕೇಳಬೇಕಾದ್ದು ಸ್ವಲ್ಪವೇ: ಮನೆಯಲ್ಲಿ ಎಷ್ಟು ಜನ, ಪಡಿತರ ಚೀಟಿಯಲ್ಲಿ ಎಷ್ಟು ಹೆಸರು, ತಿಂಗಳ ಔಷಧಿ ಖರ್ಚು ಎಷ್ಟು, ಸಾಲ ಯಾರದು, ಶಾಲೆ ಬಿಟ್ಟ ಮಕ್ಕಳಿದ್ದಾರೆಯೇ. ಈ ಐದಕ್ಕೆ ಉತ್ತರ ಸಿಕ್ಕಿದರೆ ಅಕ್ಕಿ ಬೇಕೋ ಕಾಗದಪತ್ರ ಬೇಕೋ ತಿಳಿಯುತ್ತದೆ. "ನೋಡ್ತೇವೆ, ಮಾಡ್ಸಿ ಕೊಡ್ತೇವೆ" ಎಂದು ಅಲ್ಲೇ ಮಾತು ಕೊಡಬೇಡಿ. ಕೊಟ್ಟು ತಪ್ಪಿದರೆ ಮೂರನೆಯ ಸಲ ಆ ಮನೆಯ ಬಾಗಿಲು ನಿಮಗೆ ತೆರೆಯುವುದಿಲ್ಲ.

ದವಸಕ್ಕೆ ನಮ್ಮ ಕರಾವಳಿಯ ಮುಷ್ಟಿ ಅಕ್ಕಿ ಪದ್ಧತಿ ಸಾಕು. ಅನ್ನಕ್ಕೆ ಅಳೆಯುವಾಗ ದಿನಕ್ಕೊಂದು ಹಿಡಿ ಬೇರೆ ಡಬ್ಬಿಗೆ. ಹಿಡಿಗೆ ಸುಮಾರು 50 ಗ್ರಾಂ ಹಿಡಿದರೆ ತಿಂಗಳಿಗೆ ಒಂದೂವರೆ ಕಿಲೋ. 100 ಮನೆಗಳಿಂದ 150 ಕಿಲೋ. 25 ಮನೆಗಳಿಗೆ ತಲಾ 6 ಕಿಲೋ ಆಯಿತು. ಇದರಲ್ಲಿ ಕೆಡುವುದು ಎರಡು ಕಡೆ. ಒಂದು, ಕುಚ್ಚಲಕ್ಕಿ ಮತ್ತು ಬೆಳ್ತಿಗೆ ಅಕ್ಕಿ ಬೆರೆತು ಬರುತ್ತವೆ. ಎರಡೂ ಒಂದೇ ಹೊತ್ತಿಗೆ ಬೇಯುವುದಿಲ್ಲ. ಒಂದು ಗಟ್ಟಿ ಇರುವಾಗ ಇನ್ನೊಂದು ಗಂಜಿಯಾಗಿರುತ್ತದೆ. ಅಂಥ ಅಕ್ಕಿ ಕೊಟ್ಟರೆ "ಬೇಡದ್ದನ್ನು ಕೊಟ್ಟರು" ಎಂದೇ ಅವರಿಗೆ ಅನಿಸುವುದು. ಆದ್ದರಿಂದ ಎರಡು ಬಣ್ಣದ ಚೀಲ, ಇಗರ್ಜಿಯಲ್ಲಿ ಎರಡು ಡ್ರಮ್. ಎರಡು, ಮಳೆಗಾಲದ ತೇವಕ್ಕೆ ನುಸಿ, ಮುಗ್ಗಲು. ಸಿಮೆಂಟ್ ನೆಲದ ಮೇಲೆ ಚೀಲ ಇಡಲೇಬೇಡಿ, ಹಲಗೆ ಹಾಕಿ ಗೋಡೆಯಿಂದ ಒಂದು ಮೊಳ ದೂರ ಇಡಿ. ಬಂದ ಅಕ್ಕಿ ಆ ತಿಂಗಳೇ ಖಾಲಿಯಾಗಲಿ.

ಅಕ್ಕಿ ಪಡಿತರದಲ್ಲೂ ಬರುವುದರಿಂದ ಅನೇಕ ಮನೆಗಳಲ್ಲಿ ನಿಜವಾದ ಕೊರತೆ ಬೇಳೆ, ಎಣ್ಣೆ, ಔಷಧಿಯದು. ಇದಕ್ಕೆ ಪೊಟ್ಟಣ ಕಟ್ಟಿ ಹಂಚುವುದಕ್ಕಿಂತ ಊರಿನ ಕಿರಾಣಿ ಅಂಗಡಿಯೊಂದರ ಜೊತೆ ಚೀಟಿಯ ಏರ್ಪಾಡು ಮಾಡಿ. ಚೀಟಿಯಲ್ಲಿ ಇಗರ್ಜಿಯ ಮೊಹರು, ಕ್ರಮಸಂಖ್ಯೆ, ಮೊತ್ತ, ಕೊನೆಯ ದಿನ. ಮನೆಯವರ ಹೆಸರು ಬೇಡ, ಅದು ನಿಮ್ಮ ವಹಿಯಲ್ಲಿದ್ದರೆ ಸಾಕು. ಎಲ್ಲ ಗಿರಾಕಿಗಳಂತೆ ಹೋಗಿ ತಮಗೆ ಬೇಕಾದ್ದನ್ನು ತಂದುಕೊಳ್ಳುತ್ತಾರೆ. ಬೀಡಿ, ಗುಟ್ಕಾ ಈ ಚೀಟಿಗೆ ಇಲ್ಲ ಎಂದು ಅಂಗಡಿಯವರಿಗೆ ಮೊದಲೇ ಹೇಳಿಡಿ. ಔಷಧಿಗೆ ಹೀಗೇ ಮೆಡಿಕಲ್ ಶಾಪ್‌ನಲ್ಲಿ, ಆದರೆ ವೈದ್ಯರ ಚೀಟಿ ಕಡ್ಡಾಯ.

ಬೇರೆ ಧರ್ಮದವರ ವಿಷಯ. ಕೇರಿ ಒಂದೇ, ಹಸಿವು ಒಂದೇ. ಮೀನುಗಾರ ಸಮುದಾಯದ ಹರಿಕಂತರ ಮನೆ, ಖಾರ್ವಿಯವರ ಮನೆ, ಮುಸ್ಲಿಮರ ಮನೆ ಯಾವುದೇ ಇರಲಿ, ಅದೇ ಐದು ಪ್ರಶ್ನೆ, ಅದೇ ಚೀಟಿ. ಅಲ್ಲಿ ಪ್ರಾರ್ಥನೆಯ ಕರಪತ್ರ, ಪದಕ, ಇಗರ್ಜಿಗೆ ಬನ್ನಿ ಎಂಬ ಮಾತು ಯಾವುದೂ ಬೇಡ. ನೆರವಿಗೆ ಷರತ್ತು ಅಂಟಿದರೆ ಅದು ನೆರವಾಗಿ ಉಳಿಯುವುದಿಲ್ಲ. ಊರಿನಲ್ಲಿ ಗುಮಾನಿಗೂ ದಾರಿಯಾಗುತ್ತದೆ. ಸಾಧ್ಯವಾದರೆ ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇಬ್ಬರಿಗೂ ನಿಮ್ಮ ಕೆಲಸ ತಿಳಿಸಿಡಿ. ಯಾವ ಮನೆಗೆ ಹೋಗಬೇಕು ಎಂದು ಅವರೇ ಹೇಳುತ್ತಾರೆ.

ಬನವಾಸಿ ರಸ್ತೆ (ಶಿರಸಿ)

ಮೇಲಿನವರು ಬರೆದದ್ದಕ್ಕೆ ಒಂದೇ ಸೇರಿಸುತ್ತೇನೆ, ಪಟ್ಟಿಯ ಬಗ್ಗೆ. ಎಲ್ಲ ಕಡೆ ಜಗಳ ಹುಟ್ಟುವುದು ಪಟ್ಟಿಯಲ್ಲೇ.

ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು, 6ನೇ ಅಧ್ಯಾಯ ತೆಗೆದು ಓದಿ. ಆದಿ ಸಭೆಯ ಮೊದಲ ಆಡಳಿತದ ತಕರಾರೇ ಇದು: ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗೊಣಗಾಟ ಎದ್ದಿತು. ಪ್ರೇಷಿತರು ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ, ಏಳು ಜನರನ್ನು ಆರಿಸಿರಿ ಎಂದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರುಗಳೇ. ಅಂದರೆ ಯಾರಿಗೆ ಅನ್ಯಾಯವಾಯಿತೋ ಅವರ ಕಡೆಯವರ ಕೈಗೇ ಹಂಚಿಕೆ ಹೋಯಿತು. ನಮ್ಮ ಇಗರ್ಜಿಗಳಲ್ಲಿ ಕೊಂಕಣಿಯವರು, ಕನ್ನಡದವರು, ಘಟ್ಟದ ಮೇಲೆ ಆಫ್ರಿಕಾ ಮೂಲದ ಸಿದ್ದಿಗಳು, ಹೀಗೆ ಬೇರೆ ಬೇರೆ ಮಾತಿನವರು ಇದ್ದೇವೆ. ಪಟ್ಟಿ ಮಾಡುವವರು ಒಂದೇ ಮಾತಿನವರಾದರೆ ಪಟ್ಟಿಯೂ ಅದೇ ಮಾತಾಡುತ್ತದೆ. ಕೂಟದ ನಡಾವಳಿಯನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಓದಿ.

ಪಟ್ಟಿ ಆರು ತಿಂಗಳಿಗೊಮ್ಮೆ ಹೊಸದಾಗಿ ಆಗಬೇಕು. ಮಗನಿಗೆ ಕೆಲಸ ಸಿಕ್ಕ ಮನೆ ತಾನಾಗಿ ಹೊರಗೆ ಬರಲಿ, ಗಂಡ ಹಾಸಿಗೆ ಹಿಡಿದ ಮನೆ ಒಳಗೆ ಬರಲಿ. ಹೊರಗೆ ಬರುವ ಮನೆಗೆ ಎರಡು ತಿಂಗಳು ಮುಂಚೆ ಹೇಳಿ, ದಿಢೀರನೆ ನಿಲ್ಲಿಸಬೇಡಿ.

ಫೋಟೋ ಬೇಡ. ದಾನಿಗಳಿಗೆ ತೋರಿಸಲೇಬೇಕಾದರೆ ಚೀಲಗಳ ಫೋಟೋ ತೆಗೆಯಿರಿ, ಬಿಲ್ಲಿನ ಫೋಟೋ ತೆಗೆಯಿರಿ. ಅಕ್ಕಿ ಇಸಕೊಂಡ ಅಮ್ಮನ ಮಗಳು ಮರುದಿನ ಶಾಲೆಗೆ ಹೋಗಬೇಕು ಎಂಬುದು ನೆನಪಿರಲಿ.

ಹಳಿಯಾಳ ಕಡೆ

ಕಾಗದಪತ್ರದ ಪ್ರಶ್ನೆಗೆ ಬರುತ್ತೇನೆ. ಕೈ ಹಾಕಬಹುದೇ ಅಂದಿರಿ, ಹಾಕಲೇಬೇಕು. ಒಂದು ಪಿಂಚಣಿ ಮಂಜೂರಾದರೆ ಆ ಮನೆಗೆ ಪ್ರತಿ ತಿಂಗಳೂ ಹಣ ಬರುತ್ತದೆ, ಅದೂ ಯಾರ ಹಂಗೂ ಇಲ್ಲದೆ, ಹಕ್ಕಾಗಿ.

ಇಗರ್ಜಿ ಕೈಯಲ್ಲೇ ಇರುವ ಒಂದು ಕೆಲಸ ಮೊದಲು ಮಾಡಿ. ಮರಣ. ಮನೆಯಲ್ಲೇ ತೀರಿಕೊಂಡವರ ಸಾವು ಅನೇಕ ಸಲ ಸರ್ಕಾರಿ ನೋಂದಣಿಗೆ ಹೋಗುವುದೇ ಇಲ್ಲ. ಇಗರ್ಜಿಯ ಮರಣ ಪುಸ್ತಕದಲ್ಲಿ ಬರೆದರು, ಸಿಮಿತ್ರಿಯಲ್ಲಿ (ಇಗರ್ಜಿಯ ಸ್ಮಶಾನ) ಮಣ್ಣು ಹಾಕಿದರು, ಮುಗಿಯಿತು ಎಂದುಕೊಳ್ಳುತ್ತಾರೆ. ಎರಡು ವರ್ಷ ಬಿಟ್ಟು ವಿಧವಾ ವೇತನಕ್ಕೋ ಬ್ಯಾಂಕಿಗೋ ಹೋದಾಗ ಮರಣ ಪ್ರಮಾಣಪತ್ರ ಇಲ್ಲ. 21 ದಿನದೊಳಗೆ ನೋಂದಾಯಿಸಿದರೆ ಯಾವ ಶುಲ್ಕವೂ ಇಲ್ಲ. ಒಂದು ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶವೇ ಬೇಕು. 2023ರ ತಿದ್ದುಪಡಿಯ ನಂತರ ಅದು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಕೆಲಸ. ಆದ್ದರಿಂದ ಏಳನೇ ದಿನದ ಪೂಜೆಗೆ ಹೆಸರು ಬರೆಸಲು ಬಂದಾಗಲೇ "ಮರಣ ನೋಂದಣಿ ಆಯಿತೇ?" ಎಂದು ಕಚೇರಿಯಲ್ಲಿ ಕೇಳುವ ರೂಢಿ ಹಾಕಿ. ಬಿಪಿಎಲ್ ಮನೆಯಲ್ಲಿ ದುಡಿಯುವವರು 18ರಿಂದ 59ರ ವಯಸ್ಸಿನೊಳಗೆ ತೀರಿಕೊಂಡಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ 20,000 ರೂಪಾಯಿ ಒಮ್ಮೆ ಸಿಗುತ್ತದೆ. ಅದಕ್ಕೂ ಇದೇ ಪ್ರಮಾಣಪತ್ರ ಬೇಕು.

ಎರಡನೆಯ ತೊಡಕು ಹೆಸರು. ಬಪ್ತಿಸ್ಮಾದಲ್ಲಿ ಒಂದು, ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಫರ್ನಾಂಡಿಸ್, ಫೆರ್ನಾಂಡಿಸ್, ಫರ್ನಾಂಡೀಸ್ ಮೂರೂ ಒಬ್ಬರೇ ಎಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅರ್ಜಿ ಹಾಕುವ ಮೊದಲು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಅಕ್ಷರ ಅಕ್ಷರ ಹೋಲಿಸಿ. ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಪಿಂಚಣಿ ಅರ್ಜಿ. ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷಾಕ್ಕೆ 65 ವರ್ಷ ತುಂಬಿರಬೇಕು. ಆಧಾರ್‌ನಲ್ಲಿ ಹುಟ್ಟಿದ ವರ್ಷ ಅಂದಾಜಿನಲ್ಲಿ ಬರೆಸಿದ್ದರಿಂದ ನಿಜಕ್ಕೂ 70 ಆದವರ ಅರ್ಜಿಯೂ ವಾಪಸಾಗುತ್ತದೆ. ಬಪ್ತಿಸ್ಮಾ ಪ್ರಮಾಣಪತ್ರ ಪೋಷಕ ದಾಖಲೆ ಮಾತ್ರ, ಸರ್ಕಾರಿ ಜನನ ಪ್ರಮಾಣಪತ್ರದ ಬದಲಿಗೆ ಅದು ನಿಲ್ಲುವುದಿಲ್ಲ.

ಜಾತಿ ಪ್ರಮಾಣಪತ್ರದಲ್ಲಿ ದೊಡ್ಡ ಗೊಂದಲ ಇದೆ, ಸ್ಪಷ್ಟ ಮಾಡಿಕೊಳ್ಳಿ. ಸಿದ್ದಿಗಳು ಉತ್ತರ ಕನ್ನಡದಲ್ಲಿ 2003ರಿಂದ ಪರಿಶಿಷ್ಟ ಪಂಗಡ. 2020ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳೂ ಸೇರಿದವು. ಪರಿಶಿಷ್ಟ ಪಂಗಡಕ್ಕೆ ಧರ್ಮದ ಕಟ್ಟು ಇಲ್ಲ: ಹಿಂದೂ ಸಿದ್ದಿ, ಮುಸ್ಲಿಂ ಸಿದ್ದಿ, ಕ್ರೈಸ್ತ ಸಿದ್ದಿ ಮೂವರಿಗೂ ಒಂದೇ ಹಕ್ಕು. "ನೀವು ಕ್ರಿಶ್ಚನ್, ನಿಮಗೆ ಬರುವುದಿಲ್ಲ" ಎಂದು ಕೌಂಟರಿನಲ್ಲಿ ಹೇಳಿದರೆ ವಾಪಸ್ ಬರಬೇಡಿ. ಆ ಮಾತನ್ನು ಬರಹದಲ್ಲಿ, ಕಾರಣ ಸಹಿತ ಕೇಳಿ. ಪರಿಶಿಷ್ಟ ಜಾತಿಯ ಕಥೆ ಬೇರೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಧರ್ಮಕ್ಕೆ ಕಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು ಹೊರಗೇ ಉಳಿದರು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರಿಗೆ ಪ್ರವರ್ಗ-1, ಉಳಿದ ಕ್ರೈಸ್ತರಿಗೆ 3ಬಿ. ಮೀಸಲಾತಿಗೆ ಪ್ರವರ್ಗ-1ರಲ್ಲಿ ಆದಾಯ ಮಿತಿ ಇಲ್ಲ. ಅರ್ಹರಿದ್ದೂ ತಿಳಿಯದೆ 3ಬಿ ಬರೆಸಿಕೊಂಡ ಮನೆಗಳಲ್ಲಿ ಮಕ್ಕಳ ವಿದ್ಯಾರ್ಥಿವೇತನವೇ ಕೈತಪ್ಪಿ ಹೋಗುತ್ತದೆ.

ಇನ್ನು ಅತಿಕ್ರಮಣ. ಅರಣ್ಯ ಹಕ್ಕು ಕಾಯ್ದೆ 2006ರದು. ಪರಿಶಿಷ್ಟ ಪಂಗಡದವರು 13 ಡಿಸೆಂಬರ್ 2005ಕ್ಕೆ ಮುಂಚಿನಿಂದ ಅಲ್ಲಿದ್ದಾರೆ ಎಂದು ತೋರಿಸಿದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಜಿಲ್ಲೆಯಲ್ಲಿ ಅರ್ಜಿಗಳು ಮಗುಚಿಕೊಳ್ಳುವುದು ಇಲ್ಲೇ. 75 ವರ್ಷ ಕೇಳುವುದು ಆ ಪ್ರದೇಶದ ವಾಸಕ್ಕೆ. ಅದೇ ತುಂಡು ಜಾಗವನ್ನು ಅಷ್ಟು ವರ್ಷ ಸಾಗುವಳಿ ಮಾಡಿದ ದಾಖಲೆ ಬೇಕೆಂದಲ್ಲ. ನಿಯಮ 13ರ ಪ್ರಕಾರ ಸಾಕ್ಷ್ಯ ಎರಡಾದರೂ ಬೇಕು, ಮತ್ತು ಎಲ್ಲವೂ ಸರ್ಕಾರಿ ಕಾಗದವೇ ಆಗಬೇಕಿಲ್ಲ. ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ಪೂಜಾಸ್ಥಳ, ವಂಶಾವಳಿ ಇವೂ ಸಾಕ್ಷ್ಯ. ಕಾಡಂಚಿನ ಹಳೆಯ ಶಿಲುಬೆ, ಸಿಮಿತ್ರಿಯ ಕಲ್ಲು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ವಂಶಾವಳಿ ಹೊಂದಿಸಲು ಇಗರ್ಜಿಯ ಬಪ್ತಿಸ್ಮಾ, ಮದುವೆ, ಮರಣ ಪುಸ್ತಕಗಳಷ್ಟು ಕ್ರಮವಾದದ್ದು ಬಡವರ ಮನೆಗೆ ಬೇರೆ ಸಿಗುವುದಿಲ್ಲ. ಮೂಲ ಪುಸ್ತಕ ಹೊರಗೆ ಕೊಡಬೇಡಿ. ಫಾದರ್ ಸಹಿ ಮತ್ತು ಮೊಹರಿನ ಪ್ರತಿ ಕೊಡಿ.

ತಿರಸ್ಕಾರವಾದರೆ ಕಾರಣ ಬರೆದ ಪತ್ರ ಅರ್ಜಿದಾರರ ಕೈಗೇ ಬರಬೇಕು. ಅಲ್ಲಿಂದ 60 ದಿನದೊಳಗೆ ಮೇಲ್ಮನವಿ: ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ, ಅದರ ಮೇಲೆ ಜಿಲ್ಲಾ ಸಮಿತಿಗೆ. ಪತ್ರ ಬಂದ ದಿನವನ್ನು ಲಕೋಟೆಯ ಮೇಲೆಯೇ ಬರೆದಿಡಿಸಿ. ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ, ಅದು ಪೂರಕ ಸಾಕ್ಷ್ಯ ಮಾತ್ರ. ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಎಚ್ಚರ ಇಷ್ಟೇ: ಇಗರ್ಜಿಯ ತಂಡ ಏಜೆಂಟರಾಗಬಾರದು. ಅರ್ಜಿ ತುಂಬಲು ನೆರವಾಗಿ, ಜೊತೆಗೆ ಹೋಗಿ, ಆದರೆ ಕೌಂಟರಿನಲ್ಲಿ ಮಾತು ಅರ್ಜಿದಾರರದೇ ಇರಲಿ. ಮೂಲ ದಾಖಲೆ ನಿಮ್ಮಲ್ಲಿ ಒಂದು ರಾತ್ರಿಯೂ ಉಳಿಯಬಾರದು.

ಲೆಕ್ಕದ ವಹಿ (ಕುಮಟಾ)

ದುಡ್ಡಿನ ಬಗ್ಗೆ ಯಾರೂ ಇನ್ನೂ ಬರೆದಿಲ್ಲ, ಆದ್ದರಿಂದ ನಾನು.

ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು ಎನ್ನುತ್ತದೆ ಧರ್ಮಸಭೆಯ ಕಾನೂನು, ವಿಧಿ 537. ಬಡವರ ನಿಧಿಯ ಲೆಕ್ಕ ಆ ಸಮಿತಿಯ ಕಣ್ಣ ಕೆಳಗೇ ಇರಲಿ, ಆದರೆ ಪ್ರತ್ಯೇಕ ವಹಿಯಲ್ಲಿ. ವಿಧಿ 1267ರಲ್ಲಿ ಸ್ಪಷ್ಟವಾಗಿದೆ: ನಂಬಿದವರು ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕು. ಬಡವರ ಪೆಟ್ಟಿಗೆಯಿಂದ ಪೆಂಡಾಲಿಗೆ "ಸದ್ಯಕ್ಕೆ" ಎಂದು ತೆಗೆದ ದುಡ್ಡು ವಾಪಸ್ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಜೂನ್, ಜುಲೈ ಎರಡು ತಿಂಗಳು, 25 ಮನೆ, ತಿಂಗಳಿಗೆ 1,500ರ ಚೀಟಿ: 75,000 ರೂಪಾಯಿ. ಈಸ್ಟರ್ ಮುಂಚಿನ ತಪಸ್ಸುಕಾಲದ 40 ದಿನ ಮನೆಗೆ ದಿನಕ್ಕೆ 10 ರೂಪಾಯಿ ಉಪವಾಸದ ಉಳಿಕೆ, 100 ಮನೆಗಳಿಂದ 40,000. ಅದನ್ನು ಪಾಸ್ಕ (ಈಸ್ಟರ್) ಹಬ್ಬಕ್ಕೆ ಎಣಿಸಿ, ಬ್ಯಾಂಕಿಗೆ ಹಾಕಿ, ಜೂನ್ 1ರವರೆಗೆ ಮುಟ್ಟಬೇಡಿ. ಉಳಿದ 35,000ಕ್ಕೆ ಗಲ್ಫ್‌ನಲ್ಲಿರುವವರ ಮನೆಗಳನ್ನು ಕೇಳಬಹುದು. ಧರ್ಮಪ್ರಾಂತ್ಯಕ್ಕೆ ಕಳಿಸಬೇಕಾದ ತಪಸ್ಸುಕಾಲದ ಕಾಣಿಕೆ ಇದ್ದರೆ ಅದು ಬೇರೆ, ಅದನ್ನು ಇದರಲ್ಲಿ ಬೆರೆಸಬೇಡಿ. ನವೆಂಬರ್‌ನಲ್ಲಿ ಬರುವ ಬಡವರ ವಿಶ್ವ ದಿನ, 2017ರಿಂದ ಸಾಮಾನ್ಯ ಕಾಲದ 33ನೇ ಭಾನುವಾರ ಆಚರಿಸುವುದು, ಮುಂದಿನ ವರ್ಷಕ್ಕೆ ನಿಧಿ ಶುರು ಮಾಡಲು ಸರಿಯಾದ ದಿನ.

ಗಲ್ಫ್ ದುಡ್ಡು ಎಂದಾಗ ಒಂದು ಗಂಭೀರ ವಿಷಯ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ನಮ್ಮ ಕಡೆ, ಗೋವಾದ ಬೇರಿನಿಂದ, ಪೋರ್ಚುಗೀಸ್ ಪಾಸ್‌ಪೋರ್ಟ್ ತೆಗೆದುಕೊಂಡು ಇಂಗ್ಲೆಂಡಿಗೆ ಹೋದವರೂ ಇದ್ದಾರೆ. ಅವರು ನಮ್ಮದೇ ಬಪ್ತಿಸ್ಮಾ ಪುಸ್ತಕದಲ್ಲಿದ್ದರೂ, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ವಿದೇಶಿಯರು. ಅವರ 5,000 ರೂಪಾಯಿ ಕೂಡ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ವ್ಯಾಪ್ತಿಗೆ ಬರುತ್ತದೆ. ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ಅದೂ 2020ರ ತಿದ್ದುಪಡಿಯ ನಂತರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಮಾತ್ರ ಪಡೆಯಬಹುದು. ಇಗರ್ಜಿಯ ಖಾತೆಗೂ ಬೇಡ, ಕಾರ್ಯದರ್ಶಿಯ ಫೋನ್ ಪೇಗಂತೂ ಬೇಡವೇ ಬೇಡ. ಪ್ರೀತಿಯಿಂದ ಹೇಳಿ, ಬೇಡ ಎನ್ನಿ.

ಖಾತೆಗೆ ಇಬ್ಬರ ಸಹಿ. ಪ್ರತಿ ಖರ್ಚಿಗೆ ಬಿಲ್, ಬಿಲ್ಲಿನ ಹಿಂದೆ ಚೀಟಿಯ ಕ್ರಮಸಂಖ್ಯೆ. ಪೆಟ್ಟಿಗೆ ತೆರೆಯುವಾಗ ಮೂವರು, ಎಣಿಸಿದ ಕೂಡಲೇ ಮೂವರ ಸಹಿ. ಮೂರು ತಿಂಗಳಿಗೊಮ್ಮೆ ಪೂಜೆಯ ನಂತರ ಮೊತ್ತ ಓದಿ: ಇಷ್ಟು ಬಂತು, ಇಷ್ಟು ಮನೆಗೆ ಹೋಯಿತು, ಇಷ್ಟು ಉಳಿದಿದೆ. ಹೆಸರು ಮಾತ್ರ ಓದಬೇಡಿ.

ಬೆಳಗಿನ ಪೂಜೆ

ಕೆಲಸ ಒಳ್ಳೆಯದೇ, ತಕರಾರಿಲ್ಲ. ಆದರೆ ಪಿಂಚಣಿ, ಅತಿಕ್ರಮಣ, ಮೇಲ್ಮನವಿ ಎಂದು ಹೊರಟರೆ ಇಗರ್ಜಿ ಒಂದು ಸಂಘಟನೆಯಾಗಿಬಿಡುವುದಿಲ್ಲವೇ? ತೇರ್ಸಿಗೆ (ಜಪಸರ ಪ್ರಾರ್ಥನೆಗೆ) ಕುಟುಂಬ ಕೂಡುವುದೇ ಕಡಿಮೆಯಾಗಿರುವಾಗ ಮೊದಲು ಪ್ರಾರ್ಥನೆ ಗಟ್ಟಿಯಾಗಬೇಕಲ್ಲವೇ?

ಕಾಳಿ ಸಂಗಮ (ಕಾರವಾರ)

ಅಣ್ಣಾ, ನಿಮ್ಮ ಆತಂಕ ಅರ್ಥವಾಗುತ್ತದೆ. ಪ್ರಾರ್ಥನೆ ಇಲ್ಲದ ತಂಡ ಆರು ತಿಂಗಳಲ್ಲಿ ದಣಿದು ಚದುರುತ್ತದೆ, ಇದು ಖರೆ. ಅದಕ್ಕೇ ಕೂಟವನ್ನು ಶುಭಸಂದೇಶದ ವಾಚನದಿಂದ ಶುರು ಮಾಡಿ ಎನ್ನುವುದು. 15 ನಿಮಿಷ ವಾಚನ, ಮೌನ, ಆಮೇಲೆ ಮನೆಗಳ ವಿಷಯ.

ಆದರೆ ಪ್ರಾರ್ಥನೆ ಮೊದಲು, ನ್ಯಾಯ ಆಮೇಲೆ ಎಂಬ ಸಾಲು ಧರ್ಮಸಭೆಯ ಬೋಧನೆಯಲ್ಲಿ ಇಲ್ಲ. ಕೂಲಿಕಾರರ ನ್ಯಾಯವಾದ ಸಂಬಳದ ಬಗ್ಗೆ 13ನೇ ಲಿಯೋ ಜಗದ್ಗುರುಗಳು ವಿಶ್ವಪತ್ರ ಬರೆದದ್ದು 1891ರಲ್ಲಿ. 1971ರ ಧರ್ಮಾಧ್ಯಕ್ಷರ ಸಿನೋಡ್ (ಮಹಾಸಭೆ), ನ್ಯಾಯಕ್ಕಾಗಿ ದುಡಿಯುವುದು ಶುಭಸಂದೇಶ ಸಾರುವುದರ ಅವಿಭಾಜ್ಯ ಅಂಗ ಎಂದಿತು. ಇನ್ನೂ ಹಿಂದೆ, ಎರಡನೇ ಶತಮಾನದ ನಡುವೆ, ಸಂತ ಜಸ್ಟಿನ್ ಭಾನುವಾರದ ಪೂಜೆಯನ್ನು ವಿವರಿಸುವಾಗಲೇ ಕಾಣಿಕೆ ಯಾರಿಗೆ ಹೋಗುತ್ತದೆಂದು ಬರೆದಿದ್ದಾರೆ: ಅನಾಥರು, ವಿಧವೆಯರು, ಕಾಯಿಲೆಯವರು, ಸೆರೆಯಲ್ಲಿರುವವರು, ಪರಊರಿನಿಂದ ಬಂದವರು. ಕೊಡುವುದು ಪೂಜೆಯ ಒಳಗೇ ಇತ್ತು.

ನಿಮ್ಮಲ್ಲೂ ಅದನ್ನು ಒಳಗೇ ತನ್ನಿ. ತಿಂಗಳ ಮೊದಲ ಭಾನುವಾರ ಮುಷ್ಟಿ ಅಕ್ಕಿಯ ಚೀಲಗಳನ್ನು ಅರ್ಪಣೆಯ ಮೆರವಣಿಗೆಯಲ್ಲೇ ತರಲಿ. ಪೂಜಾವಿಧಿಯ ಸೂಚನೆ ಇದಕ್ಕೆ ಅವಕಾಶ ಕೊಡುತ್ತದೆ, ಪೀಠದ ಮೇಲಿಡಬಾರದು, ಪಕ್ಕದಲ್ಲಿ ತಕ್ಕ ಜಾಗ ಬೇಕು ಎಂದಷ್ಟೇ ಹೇಳುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಳ ಜನ್ಮದಿನ) ಹೊಸ ತೆನೆ ತರುತ್ತೇವಲ್ಲ, ಹಾಗೇ.

ರಾಜಕೀಯದ ಭಯಕ್ಕೆ ಗೆರೆ ಸುಲಭ. ಯಾರ ಪರ ಮತ ಎಂದು ತಂಡ ಬಾಯಿ ಬಿಡಬಾರದು, ಯಾವ ಅಭ್ಯರ್ಥಿಯ ಕೈಯಿಂದಲೂ ಅಕ್ಕಿ ಹಂಚಿಸಬಾರದು. ಕಾನೂನು ಕೊಟ್ಟದ್ದನ್ನು ಕೇಳುವುದು ಪಕ್ಷ ರಾಜಕೀಯ ಅಲ್ಲ.

ಶರಾವತಿ ದಂಡೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ. ಫಾದರ್‌ಗೆ ಓದಿ ಹೇಳಿದೆ, ಅಡ್ಡಿಲ್ಲ, ಗುರಿಕಾರರ ಬದಲು ಹೊಸ 12 ಜನ ಎಂದರು. ಎರಡು ಪ್ರಶ್ನೆ ಉಳಿದಿವೆ. ಭೇಟಿಯಲ್ಲಿ ಹೆಚ್ಚು ಕೇಳಿಬರುವುದು ಹೆಂಗಸರ ಗುಂಪು ಸಾಲ, ವಾರದ ಕಂತು. ಆ ಸಾಲ ನಿಧಿಯಿಂದ ತೀರಿಸಬಹುದೇ? ಇನ್ನೊಂದು, ಬೋಟುಗಳಲ್ಲಿ ದುಡಿಯುವ ಜಾರ್ಖಂಡ್, ಒಡಿಶಾದವರು ಕೆಲವರು ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಹೋಗುತ್ತಾರೆ. ಅವರಿಗೆ ಏನು?

ಹಳಿಯಾಳ ಕಡೆ

ನಿಧಿಯಿಂದ ಸಾಲ ತೀರಿಸಬೇಡಿ. ಒಬ್ಬರದು ತೀರಿಸಿದರೆ ಮರುವಾರ ಹತ್ತು ಮನೆ, ತೀರಿಸಿದ ಮನೆಗೆ ಹೊಸ ಸಾಲ. ಮಾಡಬೇಕಾದ್ದು ಬೇರೆ. ಆ ಮನೆಯ ಎಲ್ಲ ಸಾಲದ ಕಾರ್ಡುಗಳನ್ನು ಒಟ್ಟಿಗೆ ಇಟ್ಟು ತಿಂಗಳ ಕಂತು ಕೂಡಿಸಿ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಮೈಕ್ರೋ ಫೈನಾನ್ಸ್ ಸಾಲ ಕೊಡುವಂತಿಲ್ಲ, ಒತ್ತೆ ಇಡಿಸಿಕೊಳ್ಳುವಂತಿಲ್ಲ. ವಸೂಲಿಗೆ ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ನಂತರ ಬರುವಂತಿಲ್ಲ. ಬಲವಂತದ ವಸೂಲಿ ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. ಈ ಮಾಹಿತಿಯನ್ನು ವಾರ್ಡಿನ ಕೂಟದಲ್ಲಿ ಹೇಳಿ, ಒಂದು ಮನೆಗೆ ಹೋಗಿ ಹೇಳಬೇಡಿ. ಗುಂಪು ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ನೆರೆಮನೆಯವರೇ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಅವರಿಗೂ ತಿಳಿದಿರಬೇಕು. ಕಂತು ಮುಂದೂಡಲು ಅರ್ಜಿ ಕೊಡುವಾಗ ತಂಡದ ಇಬ್ಬರು ಜೊತೆಗೆ ಹೋಗಿ.

ಕಾಳಿ ಸಂಗಮ (ಕಾರವಾರ)

ಬೋಟಿನವರ ಬಗ್ಗೆ. ಬೈತಖೋಲ, ತದಡಿ, ಹೊನ್ನಾವರ ಎಲ್ಲ ಬಂದರುಗಳಲ್ಲೂ ಇದೇ ಸ್ಥಿತಿ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಮೇ ಕೊನೆಯ ವಾರ ಅವರು ಲೆಕ್ಕ ಮುಗಿಸಿ ಊರಿಗೆ ಹೊರಡುವಾಗಲೇ ಸಂಬಳದ ತಕರಾರು ಏಳುವುದು. ಆದ್ದರಿಂದ ಮಾತುಕತೆ ಜನವರಿಗೇ ಶುರುವಾಗಬೇಕು: ಬೋಟಿನ ಹೆಸರು, ಕೊಟ್ಟ ಮುಂಗಡ, ತಿಂಗಳ ಸಂಬಳ ಇಷ್ಟನ್ನು ಅವರದೇ ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲು ಹೇಳಿಕೊಡಿ. ಊರಿನ ಪಡಿತರ ಚೀಟಿಗೆ ಆಧಾರ್ ಜೋಡಣೆ ಆಗಿದ್ದರೆ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ತಮ್ಮ ಪಾಲು ತೆಗೆದುಕೊಳ್ಳಬಹುದು. ಊರಿನಲ್ಲಿ ಮನೆಯವರು ಉಳಿದ ಪಾಲನ್ನು ಅಲ್ಲೇ ಪಡೆಯಬಹುದು.

ಭಾನುವಾರ ಬೋಟು ದಡದಲ್ಲಿದ್ದರೆ ಒಂದು ವಾಚನ ಹಿಂದಿಯಲ್ಲಿ ಅವರಲ್ಲೇ ಒಬ್ಬರು ಓದಲಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಸಮುದ್ರದ ಮೇಲಿರುವವರ ಹೆಸರು ಹೇಳಿ. ಪೂಜೆ ಮುಗಿದು ಹೊರಬರುವಾಗ ಬಾಗಿಲಲ್ಲಿ ಒಬ್ಬರು ನಿಂತು ಊರು, ಹೆಸರು ಕೇಳಿ, ಚಹಾಕ್ಕೆ ಕೂರಿಸಲಿ. ಯಾರು ನಿಲ್ಲುವುದು ಎಂದು ವಾರ್ಡಿನ ಸರದಿ ಹಾಕಿಬಿಡಿ, ಇಲ್ಲದಿದ್ದರೆ ಮೂರನೆಯ ವಾರ ಯಾರೂ ಇರುವುದಿಲ್ಲ.